ನಿಧಾನಕ್ಕೆ ನಡೆಯುವವರ ಬೆಟ್ಟ

ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್ಸು, ಶನಿವಾರ ಬೆಟ್ಟ, ಭಾನುವಾರ ವಾಪಸ್ಸು, ಸೋಮವಾರ ಕಾಲೆಳೆಯುತ್ತಾ ಸ್ಟ್ಯಾಂಡಪ್ ಮೀಟಿಂಗು. ನಮ್ಮ ವಯಸ್ಸಿನವರ ಟ್ರೆಕ್ ಟೈಮ್‌ಟೇಬಲ್ ಹೆಚ್ಚುಕಮ್ಮಿ ಇದೇ. ಇದರಲ್ಲಿ ಐದು ನಿಮಿಷವೂ ಸಿಗದ ಕೆಲಸ ಅಂದ್ರೆ ದಾರಿ ಆರಿಸೋದು. ಯಾರೋ ಒಂದು ರೀಲ್ ಕಳಿಸ್ತಾರೆ. ಹಸಿರು ಗುಡ್ಡದ ಅಂಚಲ್ಲಿ ಕೈ ಚಾಚಿ ನಿಂತ ಹುಡುಗ, ಹಿಂದೆ ಮಂಜು. ಗ್ರೂಪಲ್ಲಿ ಹದಿನಾಲ್ಕು ಥಮ್ಸ್ ಅಪ್. ಮುಗೀತು.

ಕುದುರೆಮುಖದ ವಿಷಯದಲ್ಲಿ ಮಾತ್ರ ಇಷ್ಟು ಸುಲಭಕ್ಕೆ ಮುಗಿಸಬಾರದು ಅನ್ನೋದು ನನ್ನ ವಾದ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸುಮಾರು 600 ಚದರ ಕಿಲೋಮೀಟರಿನ ಈ ಕಾಡಲ್ಲಿ ಹತ್ತೋಕೆ ಇರೋದು ಒಂದೇ ಬೆಟ್ಟ ಅಲ್ಲ. ಕುದುರೆಮುಖ ಶಿಖರ ಇದೆ, ಸಂಸೆ ಕಡೆಯಿಂದ ನೇತ್ರಾವತಿ ಇದೆ, ಗಂಗಡಿಕಲ್ಲು, ಕುರಿಂಜಾಲು ಇವೆ. ಒಂದೊಂದಕ್ಕೂ ಒಂದೊಂದು ಸ್ವಭಾವ.

ಎತ್ತರ ನೋಡಿ ಆರಿಸ್ತೀನಿ ಅಂದ್ರೆ ಮೋಸ ಹೋಗ್ತೀರಿ. ನಂದಿ ಬೆಟ್ಟ 1,478 ಮೀಟರ್, ಕುರಿಂಜಾಲು 1,159. ಆದರೆ ನಂದಿಗೆ ಕಾರಲ್ಲೇ ಹೋಗಿ ಮೇಲೆ ಕಾಫಿ ಕುಡಿದು ಬರ್ತೀವಿ. ಲೆಕ್ಕಕ್ಕೆ ಬರೋದು ನಡಿಗೆ ಶುರುವಾಗೋ ಜಾಗದಿಂದ ತುದಿವರೆಗೆ ಎಷ್ಟು ಹತ್ತಬೇಕು ಅನ್ನೋದು. ಕುದುರೆಮುಖ ಶಿಖರ 1,894 ಮೀಟರ್. ಮುಳ್ಳೋಡಿಯಿಂದ ಹೊರಟರೆ ಸಾವಿರ ಮೀಟರಿನ ಹತ್ತಿರ ಹತ್ತಬೇಕು, ಹೋಗಿ ಬರೋಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ನಡುವೆ ಹಳ್ಳಗಳು. ಒಳಗೆ ಟೆಂಟ್ ಹಾಕೋ ಹಾಗಿಲ್ಲ, ಕತ್ತಲಾಗೋದ್ರೊಳಗೆ ಇಳಿದು ಬರಲೇಬೇಕು. ಗಂಗಡಿಕಲ್ಲು ದೂರ ಕಡಿಮೆ, ಆದರೆ ಕಡಿದು. ಬೋಳು ಹುಲ್ಲುಗುಡ್ಡ, ಬಿಸಿಲಲ್ಲಿ ನೆರಳೇ ಸಿಗಲ್ಲ. ಕುರಿಂಜಾಲಿಗೆ ಬಹುಪಾಲು ಹಳೇ ಜೀಪ್ ದಾರಿ, ಮರದ ನೆರಳಲ್ಲಿ ಮೆಲ್ಲಗೆ ಏರುತ್ತೆ, ತುದಿಗೆ ಹತ್ತಿರವಾದಾಗಷ್ಟೇ ಹುಲ್ಲುಗಾವಲು ತೆರೆದುಕೊಳ್ಳುತ್ತೆ. ರೀಲ್‌ನಲ್ಲಿ ಇದು ಕಾಣೋದು ಕಮ್ಮಿ. ಜೀಪ್ ದಾರಿಗೆ ಲೈಕ್ ಬೀಳಲ್ಲ ನೋಡಿ.

ಕಳೆದ ಚಳಿಗಾಲದಲ್ಲಿ ನಮ್ಮ ಕಸಿನ್ಸ್ ಗ್ಯಾಂಗು ಇದೇ ಕಾಡಿಗೆ ಹೊರಟಾಗ ಅಮ್ಮ 'ನಾನೂ ಬರ್ಲಾ' ಅಂತ ಕೇಳಿದಳು. ಅಮ್ಮನಿಗೆ ಅರವತ್ತೊಂದು, ಎಡ ಮಂಡಿ ಹಠಮಾರಿ. ಕಳಸದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗೋವರೆಗೂ ದಿನಾ ಈ ಗುಡ್ಡಗಳನ್ನ ನೋಡಿದವಳು, ಒಂದನ್ನೂ ಹತ್ತಿದವಳಲ್ಲ. ಅಣ್ಣಂದಿರು ಹೋಗಿ ಬಂದು ಕತೆ ಹೇಳ್ತಿದ್ರಂತೆ. ಇವಳಿಗೆ ಕೊಟ್ಟಿಗೆ, ಅಡಿಗೆ, ಅಡಿಕೆ ಸುಲಿಯೋದು.

ಗ್ರೂಪಲ್ಲಿ ಆಗಲೇ ಕುದುರೆಮುಖ ಶಿಖರ ಅಂತ ತೀರ್ಮಾನ ಆಗಿತ್ತು. 'ಅತ್ತೆ ಹೋಂಸ್ಟೇಲಿ ರೆಸ್ಟ್ ಮಾಡ್ಲಿ, ನಾವು ಫೋಟೋ ತೋರಿಸೋಣ' ಅಂತ ಒಬ್ಬ ಬರೆದ. ಕೆಟ್ಟ ಮನಸ್ಸಿನಿಂದ ಅಲ್ಲ, ಪ್ರೀತಿಯಿಂದಲೇ. ಆದರೆ ನಲವತ್ತು ವರ್ಷದ ಹಿಂದೆ ಅವಳಣ್ಣಂದಿರು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ನಾನು ಕುರಿಂಜಾಲು ಅಂದೆ. ಅರ್ಧ ಗಂಟೆ ಜಗಳ ಆಯ್ತು. ಕೊನೆಗೆ ನಾಲ್ಕು ಜನ ಶಿಖರಕ್ಕೆ, ನಾವು ಐದು ಜನ ಕುರಿಂಜಾಲಿಗೆ ಬುಕ್ ಮಾಡಿದ್ವಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದ್ರಿಂದ ಆನ್‌ಲೈನಲ್ಲಿ ಮೊದಲೇ ಮಾಡಬೇಕು.

ಜೊತೆಗೆ ಬಂದ ಗೈಡ್ ಮೊದಲೇ ಹೇಳಿಬಿಟ್ಟರು: 'ಹನ್ನೆರಡಕ್ಕೆ ಎಲ್ಲಿರ್ತೀವೋ ಅಲ್ಲಿಂದ ವಾಪಸ್. ತುದಿ ಎಲ್ಲಿಗೂ ಓಡಿಹೋಗಲ್ಲ ಮಾರಾಯ್ರೆ.' ಮಂಡಿಗೆ ನಿಜವಾದ ಪರೀಕ್ಷೆ ಇಳಿಯುವಾಗ, ಅದಕ್ಕೇ ಹತ್ತುವಾಗಲೇ ಶಕ್ತಿ ಉಳಿಸಬೇಕು ಅಂತಲೂ ಅಂದರು. ಅಮ್ಮ ಮುಂದೆ, ನಾವೆಲ್ಲ ಅವಳ ಹಿಂದೆ. ಅವಳ ಸ್ಪೀಡೇ ಎಲ್ಲರ ಸ್ಪೀಡು. ನಮ್ಮ ಉಂಬಳದ ಸಾಕ್ಸ್ ನೋಡಿ ನಕ್ಕು, ಸೊಂಟದಿಂದ ಸುಣ್ಣದ ಡಬ್ಬಿ ತೆಗೆದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಒಂದು ಗಿಡದ ಹೆಸರು ಹೇಳ್ತಿದ್ದಳು. ಅಮ್ಮನಿಗೆ ಇಷ್ಟೊಂದು ಗೊತ್ತು ಅಂತ ಮೂವತ್ತು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಬಸವನಗುಡಿಯ ಎರಡನೇ ಮಹಡಿಯ ಮನೆಯಲ್ಲಿ ಅದಕ್ಕೆ ಸಂದರ್ಭ ಎಲ್ಲಿಂದ ಬರಬೇಕು?

ಮರಗಳು ಮುಗಿದು ಹುಲ್ಲು ಶುರುವಾದ ಕಡೆ ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. ತುದಿ ಅಲ್ಲೇ ಮೇಲೆ ಕಾಣ್ತಿತ್ತು. 'ಇನ್ನು ಸ್ವಲ್ಪ ಅಷ್ಟೇ' ಅಂತ ತಂಗಿ ಅಂದಳು.

'ಅಲ್ಲಿ ಹೋದ್ರೂ ಇದೇ ಕಾಣೋದಲ್ವಾ? ನಂಗೆ ಇಷ್ಟು ಸಾಕು' ಅಂತ ಹೇಳಿ ಅಮ್ಮ ಗುಡ್ಡದ ಸಾಲಿನ ಕಡೆ ಕೈ ತೋರಿಸಿದಳು. 'ಅದರ ಆಚೆ ನಮ್ಮೂರು.' ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನಾವೂ ತುದಿಗೆ ಹೋಗಲಿಲ್ಲ, ಹೋಗಬೇಕು ಅನ್ನಿಸಲೂ ಇಲ್ಲ. ಅಲ್ಲೇ ಕೂತು ಚಿತ್ರಾನ್ನ ತಿಂದು, ಡಬ್ಬಿ, ಕವರು ಎಲ್ಲ ಬ್ಯಾಗಿಗೆ ತುಂಬಿ, ಹನ್ನೆರಡಕ್ಕೆ ಮೊದಲೇ ಇಳಿದ್ವಿ.

ರಾತ್ರಿ ಶಿಖರದವರು ಬಂದು ಕತೆ ಶುರುಮಾಡಿದರು: ಒಂಟಿಮರ, ಹಳ್ಳ, ಮಂಜು. ಅಮ್ಮ ಈ ಸಲ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಮಧ್ಯೆ ಬಾಯಿ ಹಾಕಿ 'ನಮ್ಮ ದಾರೀಲಿ ಏನಾಯ್ತು ಗೊತ್ತಾ' ಅಂದಳು.

ಹಾಗಾಗಿ ಈಗ ಯಾರಾದ್ರೂ 'ಕುದುರೆಮುಖದಲ್ಲಿ ಯಾವ ಟ್ರೆಕ್ ಬೆಸ್ಟು' ಅಂತ ಕೇಳಿದರೆ ಬೆಟ್ಟದ ಹೆಸರು ಹೇಳೋಕೆ ಮುಂಚೆ ನಾನೂ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮಲ್ಲಿ ಎಲ್ಲರಿಗಿಂತ ನಿಧಾನಕ್ಕೆ ನಡೆಯೋರು ಯಾರು? ಅವರನ್ನ ಕೇಳಿದ್ರಾ?