ಮೂರು ಮೂಲೆಯ ಸಿಹಿ

ಮಾರ್ಚ್ ಬಂತೆಂದರೆ ನಮ್ಮಲ್ಲಿ ಮನೆಮನೆಗೂ ಪರೀಕ್ಷೆಯ ಜ್ವರ. ನನಗೆ ಮಾತ್ರ ಆಗ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಪುಟ್ಟ ಬೇಕರಿ ನೆನಪಾಗುತ್ತದೆ.

೧೯೯೫ರ ಮಾರ್ಚ್. ಎಂ.ಎಸ್. ಓದಲು ಹೋಗಿದ್ದ ನಾನು ಮಿಡ್‌ಟರ್ಮ್‌ನಲ್ಲಿ ಒಂದು ವಿಷಯದಲ್ಲಿ ನಪಾಸಾಗಿದ್ದೆ. ಚಿಕ್ಕಂದಿನಿಂದ ಮೊದಲ ದರ್ಜೆಯನ್ನೇ ಕಂಡವನಿಗೆ ಅದು ಮೊದಲ ಪೆಟ್ಟು. ತಿಪಟೂರಿನಲ್ಲಿದ್ದ ಅಪ್ಪ ತೆಂಗಿನ ತೋಟದ ಮೇಲೆ ಸಾಲ ಮಾಡಿ ನನ್ನನ್ನು ಕಳಿಸಿದ್ದರು. ಹದಿನೈದು ದಿನಕ್ಕೊಂದು ಕಾಗದ ಬರೆಯುವುದು ರೂಢಿ. ಆ ಸಲ ಏರೋಗ್ರಾಮಿನ ಮೇಲೆ ‘ತೀರ್ಥರೂಪು ತಂದೆಯವರಿಗೆ’ ಎಂದು ಬರೆದವನು ಮುಂದೆ ಒಂದಕ್ಷರ ಬರೆಯಲಾಗದೆ ಕೂತಿದ್ದೆ.

ನನ್ನ ಕೋಣೆಯ ಕೆಳಗೇ ಒಂದು ಯಹೂದಿ ಕುಟುಂಬದ ಬೇಕರಿ. ಮುದುಕ, ಆತನ ಹೆಂಡತಿ, ಮಗ ಮೂವರೂ ಸೇರಿ ನಡೆಸುತ್ತಿದ್ದರು. ಆ ವಾರ ಗಾಜಿನ ಕಪಾಟಿನ ತುಂಬ ಮೂರು ಮೂಲೆಯ ಬಿಸ್ಕತ್ತುಗಳು. ಲಟ್ಟಿಸಿದ ಹಿಟ್ಟನ್ನು ಲೋಟದ ಬಾಯಿಯಷ್ಟು ದುಂಡಗೆ ಕತ್ತರಿಸಿ, ನಡುವೆ ಹಣ್ಣಿನ ಹೂರಣ ಇಟ್ಟು, ಮೂರು ಕಡೆಯಿಂದ ಮಡಿಸಿ ಮೂಲೆ ಚಿವುಟಿ ಬೇಯಿಸುತ್ತಾರೆ. ಅಮ್ಮ ಕರ್ಜಿಕಾಯಿಯ ಅಂಚು ಒತ್ತುವುದು ಕಣ್ಣಿಗೆ ಕಟ್ಟಿತು. ಹೂರಣ ಕೆಲವಕ್ಕೆ ಏಪ್ರಿಕಾಟ್, ಕೆಲವಕ್ಕೆ ಒಣ ಪ್ಲಮ್, ಕೆಲವಕ್ಕೆ ನಮ್ಮ ಗಸಗಸೆಯೇ!

ಇದರ ಹೆಸರು ಹಾಮಂತಾಶನ್. ಪೂರಿಮ್ ಹಬ್ಬದ ತಿಂಡಿ. ಹಾಮಾನ ಪರ್ಷಿಯಾದ ದೊರೆಯ ಮಂತ್ರಿ. ರಾಜ್ಯದಲ್ಲಿದ್ದ ಯಹೂದಿಗಳನ್ನೆಲ್ಲ ಒಂದೇ ದಿನ ಕೊಲ್ಲಿಸಲು ಹೊಂಚಿದ. ಯಹೂದಿಯೇ ಆಗಿದ್ದ ಎಸ್ತೇರ್ ರಾಣಿ ಆ ಸಂಚನ್ನು ಮುರಿದಳು. ಹಬ್ಬದ ದಿನ ಈ ಕಥೆ ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಟ್ಟೆ ತಿರುಗಿಸಿ ಆ ಹೆಸರು ಕೇಳಿಸದಂತೆ ಮಾಡುತ್ತಾರೆ. ಅಂದು ಪರಿಚಿತರಿಗೆ ಎರಡು ಬಗೆಯ ತಿನಿಸು ಕಳಿಸಬೇಕು, ಇಬ್ಬರು ಬಡವರಿಗಾದರೂ ಕೈಲಾದದ್ದು ಕೊಡಬೇಕು.

ಹಬ್ಬದ ದಿನ ಮುದುಕ ನನ್ನನ್ನು ಕರೆದು ಎರಡು ಬಿಸ್ಕತ್ತು, ಒಂದು ಕಿತ್ತಳೆ ಕೈಗಿತ್ತ. “ಏನು, ಮುಖ ಬಾಡಿದೆ?” ಎಂದ. ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿಬಿಟ್ಟೆ. ಅವನು ಪ್ಲಮ್ ತುಂಬಿದ ಬಿಸ್ಕತ್ತನ್ನು ತೋರಿಸಿ ಒಂದು ಕಥೆ ಹೇಳಿದ.

೧೭೩೧ರಲ್ಲಿ ಬೊಹೀಮಿಯಾದ ಯುಂಗ್‌ಬುನ್ಸ್ಲಾವ್ ಎಂಬ ಊರಿನಲ್ಲಿ ಡೇವಿಡ್ ಬ್ರಾಂಡೈಸ್ ಎಂಬ ಯಹೂದಿ ಅಂಗಡಿಕಾರನಿದ್ದ. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ಅವನ ಅಂಗಡಿಯ ಪ್ಲಮ್ ಜಾಮ್ ಕೊಂಡ ಮನೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕ್ರೈಸ್ತನೊಬ್ಬ ಸತ್ತ. ಜಾಮಿನಲ್ಲಿ ವಿಷವಿತ್ತು ಎಂಬ ಗುಲ್ಲೆದ್ದು, ಬ್ರಾಂಡೈಸ್, ಹೆಂಡತಿ, ಮಗ ಮೂವರೂ ಸೆರೆಯಾದರು. ಸತ್ತವನಿಗಿದ್ದದ್ದು ಕ್ಷಯ ಎಂದು ವಿಚಾರಣೆಯಲ್ಲಿ ಗೊತ್ತಾಗಿ ಬಿಡುಗಡೆ ಸಿಕ್ಕಿತು. ಬ್ರಾಂಡೈಸ್ ಇದನ್ನೆಲ್ಲ ಬರೆದಿಟ್ಟ. ಅವನ ವಂಶದವರು ವರ್ಷಕ್ಕೊಮ್ಮೆ ಆ ದಿನವನ್ನು ‘ಜಾಮ್ ಪೂರಿಮ್’ ಎಂದು ಆಚರಿಸಿದರು.

“ಅಪ್ಪ ಜೈಲಿಗೆ ಹೋದ ಕಥೆಯನ್ನು ಮಕ್ಕಳಿಂದ ಮುಚ್ಚಿಡಬಹುದಿತ್ತು. ಅವನು ಮುಚ್ಚಿಡಲಿಲ್ಲ. ನೀನು ಯಾಕೆ ಮುಚ್ಚಿಡುತ್ತೀಯ?” ಎಂದ ಮುದುಕ.

ಅವನ ಮೇಲಿದ್ದದ್ದು ಸುಳ್ಳು ಆರೋಪ, ನನ್ನದು ನಿಜವಾದ ಸೋಲು, ಎರಡಕ್ಕೂ ಹೋಲಿಕೆ ಎಲ್ಲಿಯದು ಎಂದುಕೊಳ್ಳುತ್ತಲೇ ಮೆಟ್ಟಿಲು ಹತ್ತಿದೆ. ಆದರೂ ಅಂದು ರಾತ್ರಿ ಕಾಗದ ಪೂರ್ತಿ ಮಾಡಿದೆ.

ಮೂರು ವಾರದ ಮೇಲೆ ಅಪ್ಪನ ಉತ್ತರ ಬಂತು. ‘ಚಿರಂಜೀವಿಗೆ ಆಶೀರ್ವಾದಗಳು’ ಎಂದು ಮೊದಲಾಗಿ ಮಳೆ, ಕೊಬ್ಬರಿ ಧಾರಣೆ ಎಲ್ಲ ಆದಮೇಲೆ ಕೊನೆಗೆ ನಾಲ್ಕು ಸಾಲು: ‘ನಾನೂ ಇಂಟರ್‌ಮೀಡಿಯೆಟ್‌ನಲ್ಲಿ ನಪಾಸಾಗಿದ್ದೆ. ಎರಡನೇ ಸಲಕ್ಕೆ ಪಾಸಾಯಿತು. ನಿಮಗೆ ಹೇಳಿದರೆ ಸದರವಾಗುತ್ತದೆಂದು ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.’

ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಆ ವಿಷಯ ಹೇಗೋ ಪಾಸಾಯಿತು.

ಈಗ ನನ್ನ ಮಗಳಿಗೆ ಪರೀಕ್ಷೆ. ಮೊನ್ನೆ ರಾತ್ರಿ ಪುಸ್ತಕದ ಮುಂದೆ ಸಪ್ಪಗೆ ಕೂತಿದ್ದಳು. ಪಕ್ಕದಲ್ಲಿ ಕೂತು, ಅಜ್ಜ ನಪಾಸಾದ ಕಥೆಯಿಂದಲೇ ಶುರುಮಾಡಿದೆ.