ಸೀಸೆಯೊಳಗಿನ ಉಪ್ಪಾಗೆ

ನನ್ನಾಕೆಯ ಮೊಣಕಾಲಿನ ನೋವಿಗೂ ಹೊಸನಗರದ ಕಾಡಿಗೂ ಏನು ಸಂಬಂಧವೆಂದು ಮೂರು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ತೂಕ ಇಳಿಯದೆ ನೋವು ಇಳಿಯದೆಂದು ಡಾಕ್ಟರು ಹೇಳಿದ್ದರು. ಮರುವಾರವೇ ಬೆಂಗಳೂರಿನಿಂದ ಅವಳ ತಂಗಿ ಒಂದು ಸೀಸೆ ಗುಳಿಗೆ ಕಳಿಸಿದಳು. ಮೇಲೆ ಹಸಿರೆಲೆಯ ಚಿತ್ರ; ‘ಸಂಪೂರ್ಣ ಗಿಡಮೂಲಿಕೆ, ದುಷ್ಪರಿಣಾಮವಿಲ್ಲ’ ಎಂಬ ಅಭಯ; ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಗಾರ್ಸೀನಿಯಾ ಕ್ಯಾಂಬೋಜಿಯಾ’. ಯಾವ ದೇಶದ ಮೂಲಿಕೆಯೋ ಎಂದು ಹುಡುಕಿದರೆ, ಅದು ನಮ್ಮ ಉಪ್ಪಾಗೆ!

ಮಲೆನಾಡಿನವರಿಗೆ ಉಪ್ಪಾಗೆಯನ್ನು ಪರಿಚಯಿಸಬೇಕಾಗಿಲ್ಲ. ಪೇಟೆಯವರಿಗಾಗಿ ಹೇಳುತ್ತೇನೆ: ಪುಟ್ಟ ಕುಂಬಳದಂತೆ ಗೀರುಗೀರಾದ ಹಳದಿ ಹಣ್ಣು, ಸುರಿಮಳೆಯಲ್ಲಿ ಮಾಗುತ್ತದೆ. ಬಿಸಿಲಿಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿಯೇ ಒಣಗಿಸಬೇಕು. ಅಜ್ಜಿಯ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಅದು ಕರಿಯ ಚರ್ಮದ ಚೂರಿನಂತೆ ಬಿದ್ದಿರುತ್ತಿತ್ತು. ಹುಣಿಸೆಹಣ್ಣು ಮುಗಿದಾಗ ಸಾರಿಗೆ ಒಂದು ಚೂರು, ಬೀಜದಿಂದ ತುಪ್ಪ. ಅದನ್ನುಂಡು ತೆಳ್ಳಗಾದವರನ್ನು ನಾನು ಕಾಣೆ. ನಮ್ಮ ದೊಡ್ಡಪ್ಪನಂತೂ ಬಾಗಿಲಲ್ಲಿ ಓರೆಯಾಗಿಯೇ ಬರುತ್ತಿದ್ದರು.

ಅಟ್ಟದಿಂದ ಅದು ಸೀಸೆಗಿಳಿದ ಕಥೆ ಸ್ವಾರಸ್ಯವಾಗಿದೆ. ಈ ಹುಳಿಯ ಸತ್ವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ೧೯೬೫ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ತಿಂದ ಸಕ್ಕರೆ ಕೊಬ್ಬಾಗುವ ದಾರಿಯಲ್ಲಿ ಒಂದು ಕಿಣ್ವ ಕೆಲಸಮಾಡುತ್ತದೆ. ಈ ಆಮ್ಲ ಅದನ್ನು ತಡೆಯುತ್ತದೆಂದು ಆಮೇಲೆ ಅಮೆರಿಕದಲ್ಲಿ ಗೊತ್ತಾಯಿತು. ಇಲಿಗಳು ಸಣ್ಣಗಾದವು. ಅಷ್ಟು ಸಾಕಾಯಿತು ವ್ಯಾಪಾರಿಗಳಿಗೆ. ೧೯೯೦ರ ದಶಕದಲ್ಲಿ ಸಿಪ್ಪೆಗೆ ಬೆಲೆ ಏರಿದಾಗ ನಮ್ಮ ಕಾಡುಗಳಲ್ಲಿ ಹಣ್ಣಾಗುವವರೆಗೆ ಕಾಯುವ ತಾಳ್ಮೆಯೂ ಉಳಿಯಲಿಲ್ಲ. ಕೊಂಬೆ ಕಡಿದು ಕಾಯಿಳಿಸಿದರು, ಒಣಗಿಸಲು ಮತ್ತಷ್ಟು ಮರ ಸುಟ್ಟರು.

ಇಲಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ? ನ್ಯೂಯಾರ್ಕಿನ ವೈದ್ಯರು ೧೩೫ ಜನ ಸ್ಥೂಲಕಾಯರನ್ನು ಆರಿಸಿ, ಎಲ್ಲರಿಗೂ ಮಿತಾಹಾರ ಹೇಳಿ, ಅರ್ಧದಷ್ಟು ಜನಕ್ಕೆ ಉಪ್ಪಾಗೆಯ ಸತ್ವ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ ಕೊಟ್ಟರು. ಯಾರದು ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಹನ್ನೆರಡು ವಾರದ ಮೇಲೆ ಉಪ್ಪಾಗೆಯವರು ಸರಾಸರಿ ೩.೨ ಕಿಲೋ ಇಳಿದಿದ್ದರು, ಹುಸಿಗುಳಿಗೆಯವರು ೪.೧ ಕಿಲೋ! ಈ ವ್ಯತ್ಯಾಸ ಆಕಸ್ಮಿಕವಿರಬಹುದು, ಸತ್ವದಿಂದ ಪ್ರಯೋಜನವಂತೂ ಕಾಣಲಿಲ್ಲ ಎಂದು ೧೯೯೮ರಲ್ಲಿ ಪ್ರಕಟಿಸಿದರು. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಲೆಕ್ಕ ಹಾಕಿದಾಗಲೂ ಸಿಕ್ಕಿದ್ದು ಒಂದು ಕಿಲೋ ಕೂಡ ತುಂಬದ ಲಾಭ. ಬಿಗಿಯಾಗಿ ನಡೆಸಿದ ಪರೀಕ್ಷೆಗಳಲ್ಲಿ ಅದೂ ಇಲ್ಲ.

ಇದನ್ನೆಲ್ಲ ಒಂದು ಸಂಜೆ ಗೆದ್ದವನ ಠೀವಿಯಿಂದ ನನ್ನಾಕೆಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

“ಹಾಗಾದರೆ ನಾನು ಎರಡು ಕಿಲೋ ಇಳಿದದ್ದು ಸುಳ್ಳೇನ್ರೀ?”

“ನೀನು ರಾತ್ರಿ ಅನ್ನ ಬಿಟ್ಟೆ. ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದೀಯೆ.”

“ಸೀಸೆ ಬರದಿದ್ದರೆ ಹಾಕುತ್ತಿದ್ದೆನೆ? ಮೂವತ್ತು ವರ್ಷದಿಂದ ನೀವು ನಡೆ ನಡೆ ಅಂದಿರಿ, ನಡೆದೆನೆ?”

ಇದಕ್ಕೆ ನ್ಯೂಯಾರ್ಕಿನವರು ಉತ್ತರ ಬರೆದಿರಲಿಲ್ಲ. ನಾನು ಸುಮ್ಮನಾದೆ. ಆದರೆ ಮನಸ್ಸು ಸುಮ್ಮನಾಗಲಿಲ್ಲ. ಐದು ವರ್ಷದ ಹಿಂದೆ ಅವಳಿಗೆ ಕಾಮಾಲೆಯಾಗಿ, ಹಳದಿಗಟ್ಟಿದ ಕಣ್ಣುಗಳನ್ನು ನೋಡುತ್ತ ಆಸ್ಪತ್ರೆಯ ಬೆಂಚಿನ ಮೇಲೆ ಹದಿನೊಂದು ರಾತ್ರಿ ಕಳೆದವನು ನಾನು. ಈ ಸತ್ವದ ಗುಳಿಗೆ ನುಂಗಿದ ಕೆಲವರ ಯಕೃತ್ತು ಕೆಟ್ಟ ಪ್ರಕರಣಗಳನ್ನು ವೈದ್ಯರು ಬರೆದಿಟ್ಟಿದ್ದಾರೆ. ಸಾರಿನಲ್ಲಿ ಕುದಿಸಿದ ಒಂದು ಚೂರು ಬೇರೆ, ದಿನಕ್ಕೆ ಮೂರು ಹೊತ್ತು ಭಟ್ಟಿಯಿಳಿಸಿದ ಸತ್ವ ಬೇರೆ. ಅಪರೂಪವಿರಬಹುದು, ಆದರೆ ನಮ್ಮ ಮನೆಯಲ್ಲಿರುವುದು ಅವಳೊಬ್ಬಳೇ.

“ಡಾಕ್ಟರಿಗೆ ಇದನ್ನು ಹೇಳಿದ್ದೀಯಾ?” ಎಂದೆ.

“ಇದೇನು ಔಷಧಿಯೆ, ಹೇಳುವುದಕ್ಕೆ? ಉಪ್ಪಾಗೆ ಅಂತ ನೀವೇ ನಕ್ಕಿರಲ್ಲ.”

ಆ ನಗು ಈಗ ಗಂಟಲಲ್ಲಿ ಸಿಕ್ಕಿಕೊಂಡಿತು. “ಹಳೆಯ ಕಾಮಾಲೆ ನೆನಪಾಗಿ ಹೆದರಿಕೆಯಾಗುತ್ತಿದೆ ಕಣೇ,” ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ, ಮತ್ತೆ ಅವರೆಕಾಯಿಗೆ ಕೈಹಾಕಿದಳು.

ಸೀಸೆ ಈಗಲೂ ದೇವರ ಗೂಡಿನ ಪಕ್ಕದಲ್ಲಿಯೇ ಇದೆ. ಅವಳು ನಡೆಯಲು ಹೋದಾಗ ನಾನು ಕಳ್ಳನಂತೆ ಮುಚ್ಚಳ ತೆಗೆದು ಎಣಿಸುತ್ತೇನೆ. ಸೋಮವಾರ ಇಪ್ಪತ್ತೆರಡು ಇದ್ದವು. ಇವತ್ತು ಶನಿವಾರ; ಇಪ್ಪತ್ತೆರಡೇ ಇವೆ.