ತುದಿ ಹಿಡಿದು ಎತ್ತಬೇಡಿ

ಇವತ್ತು ಬೆಳೆ ವಿಷಯ ಅಲ್ಲ, ಕಬ್ಬಿಣದ ವಿಷಯ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ.

ನಮ್ಮ ಕಬ್ಬಿನ ಗದ್ದೆಯಿಂದ ರೋಡಿಗೆ ಬರೋ ದಾರೀಲಿ ಒಂದು ಕಡೆ ಯಾವಾಗಲೂ ಕೆಸರು. ಪ್ರತಿ ಕಟಾವಿಗೂ ಲೋಡು ಟ್ರ್ಯಾಕ್ಟರ್ ಅಲ್ಲೇ ಹೂತ್ಕೊಳ್ಳೋದು. ಅಲ್ಲಿಗೆ ಹಾಸೋಣ ಅಂತ ಗುಜರಿಯಿಂದ 20 ಅಡಿ ಉದ್ದ, 5 ಅಡಿ ಅಗಲ, 12 ಎಂಎಂ ದಪ್ಪದ ಪ್ಲೇಟು ತಂದೆ. ಇಳಿಸೋಕೆ ಜೆಸಿಬಿ ಕರೆಸಿ, ಎರಡೂ ತುದಿಯ ತೂತಿಗೆ ಚೈನು ಹಾಕಿ ಬಕೆಟ್‌ಗೆ ಸಿಕ್ಕಿಸಿದ್ವಿ.

ಎತ್ತಿದ ಕೂಡಲೇ ಅಷ್ಟು ದಪ್ಪದ ಪ್ಲೇಟು ಒಗೆದ ಪಂಚೆ ಥರ ನಡುವೆ ಜೋತುಬಿತ್ತು. ಒಂದು ಜರ್ಕ್ ಆಯ್ತು, ಒಂದು ಕಡೆ ಕೊಕ್ಕೆ ಕಳಚಿತು. ತುದಿ ಬಿದ್ದ ಜಾಗದಿಂದ ಎರಡು ಹೆಜ್ಜೆ ದೂರದಲ್ಲಿ ತಮ್ಮನ ಮಗ ನಿಂತಿದ್ದ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಪ್ಲೇಟು ಮಾತ್ರ ನೆಲದ ಮೇಲಿಟ್ಟರೂ ಬಾಗಿಯೇ ಉಳೀತು.

ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಓದ್ತಿದ್ದಾಳೆ. ರಾತ್ರಿ ಕೂತು ಲೆಕ್ಕ ಹಾಕಿದಳು. ಒಂದು ಚದರ ಮೀಟರ್ ಪ್ಲೇಟು, ಒಂದು ಎಂಎಂ ದಪ್ಪಕ್ಕೆ 7.85 ಕೆಜಿ. ಹಾಗಾದ್ರೆ ನಮ್ಮದು ಸುಮಾರು 875 ಕೆಜಿ. ಎರಡು ತುದಿ ಹಿಡಿದರೆ ಸ್ವಂತ ಭಾರಕ್ಕೇ ನಡುವೆ ಎರಡಡಿ ಹತ್ತಿರ ಜೋಲುತ್ತೆ. ಅಲ್ಲಿ ಒಂದು ಚದರ ಸೆಂಟಿಮೀಟರಿಗೆ ಬೀಳೋ ಒತ್ತಡ ಸುಮಾರು 1800 ಕೆಜಿ. ಸಾಮಾನ್ಯ ಎಂಎಸ್ ಕಬ್ಬಿಣ ಸುಮಾರು 2500 ದಾಟಿದರೆ ಮತ್ತೆ ನೇರ ಆಗಲ್ಲ. ಜರ್ಕ್‌ನಲ್ಲಿ ಭಾರ ಒಂದೂವರೆ ಪಟ್ಟು ಆದ್ರೂ 2700 ಆಗೋಯ್ತು.

“ಅಪ್ಪಾ, ಚೈನೂ ತುಂಬಾ ಮಲಗಿತ್ತು” ಅಂದಳು. ಚೈನು ನೆಟ್ಟಗಿದ್ದರೆ ಒಂದೊಂದಕ್ಕೆ ಅರ್ಧ ಭಾರ. 30 ಡಿಗ್ರಿಗೆ ಮಲಗಿದರೆ ಒಂದೊಂದೂ ಪೂರ್ತಿ 875 ಕೆಜಿ ಎಳೀಬೇಕು. ಸಾಲದ್ದಕ್ಕೆ ಅದು ಪ್ಲೇಟನ್ನ ಎರಡೂ ಕಡೆಯಿಂದ ಒಳಕ್ಕೆ ಅದುಮುತ್ತೆ. ಬಾಗಿದ್ದು ಇನ್ನಷ್ಟು ಬಾಗುತ್ತೆ.

ಹಾಗಂತ ನಡುವೆ ಒಂದೇ ಕಡೆ ಹಿಡಿದರೆ? ಒತ್ತಡ ಅಷ್ಟೇ, ತುದಿಗಳು ಕೆಳಕ್ಕೆ ಜೋಲ್ತವೆ. ಸರಿಯಾದ ಜಾಗ ಅಂದ್ರೆ ಪ್ರತಿ ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಗೆ. ನಮ್ಮ 20 ಅಡಿಗೆ 4 ಅಡಿ. ಆಗ ಹೊರಗೆ ಚಾಚಿದ ಭಾಗ ನಡುವಿನ ಭಾಗಕ್ಕೆ ತಕ್ಕಡಿ ಥರ ಎದುರು ತೂಗುತ್ತೆ. ಒತ್ತಡ 1800ರಿಂದ 360ಕ್ಕೆ ಇಳಿಯುತ್ತೆ. ಅದೇ ಪ್ಲೇಟು, ಅದೇ ಭಾರ, ಹಿಡಿಯೋ ಜಾಗ ಮಾತ್ರ ಬೇರೆ.

ಮಾರನೇ ದಿನ ಒಂದು ಗಟ್ಟಿ ಐ-ಬೀಮ್ ಅಡ್ಡ ಕಟ್ಟಿ, ಅದರಿಂದ ಎರಡು ಬೆಲ್ಟ್ ನೆಟ್ಟಗೆ ಇಳಿಬಿಟ್ಟು, ಪ್ಲೇಟಿನ ಅಂಚು ಬೆಲ್ಟ್ ಕೊಯ್ಯದ ಹಾಗೆ ಗೋಣಿಚೀಲ ಮಡಚಿಟ್ಟು ನಿಧಾನಕ್ಕೆ ಎತ್ತಿಸಿದೆ. ಹೆಚ್ಚು ಜೋಲಲಿಲ್ಲ. ಉಬ್ಬು ಮೇಲೆ ಬರೋ ಹಾಗೆ ಮಗುಚಿ ಹಾಸಿದ್ದೀವಿ. ಟ್ರ್ಯಾಕ್ಟರ್ ಹತ್ತಿದಾಗಲೆಲ್ಲ ಢಣ್ ಅನ್ನುತ್ತೆ. ಆ ಸದ್ದು ಕೇಳಿದಾಗಲೆಲ್ಲ ಹುಡುಗ ನಿಂತಿದ್ದ ಜಾಗ ಕಣ್ಮುಂದೆ ಬರುತ್ತೆ.

ಲೆಕ್ಕ ಮರೆತರೂ ಪರವಾಗಿಲ್ಲ, ಎರಡು ಮಾತು ಮರೀಬೇಡಿ: ಐದನೇ ಒಂದು ಭಾಗ ಒಳಗೆ ಹಿಡೀರಿ, ಎತ್ತಿದ ಭಾರದ ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ಬೀಮ್ ನಮ್ಮನೇಲೇ ಇದೆ, ಬೇಕಾದವರು ತಗೊಂಡು ಹೋಗಿ.